ಆಟೋ ನಿಂತರೂ ಕಂತು ನಿಲ್ಲಲ್ಲ: ಮತ್ತೊಂದು ಲಾಕ್‌ಡೌನ್ ಬಂದರೆ ಏನು ಮಾಡಬೇಕು

ಬೆಂಗಳೂರಿನ ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ, ವಿಜಯನಗರ ಕಡೆ ಆಟೋ ಓಡಿಸುವವನು ನಾನು. ಕೊರೊನಾ ಕಾಲದ ಕಥೆ ಈಗ್ಯಾಕೆ ಅಂತ ಸ್ಟ್ಯಾಂಡಿನಲ್ಲಿ ಕೇಳುತ್ತಾರೆ. ಕಥೆ ಹೇಳೋಕಲ್ಲ. ಆಗ ಕಲಿತದ್ದು ಮರೆತುಹೋಗುವ ಮುಂಚೆ ಬರೆದಿಡೋಣ ಅಂತ.

2020ರ ಮಾರ್ಚ್ 25ರಿಂದ 21 ದಿನ ಅಂದರು. ಬೆಂಗಳೂರಿನಲ್ಲಿ ಆಟೋ ಮತ್ತೆ ರಸ್ತೆಗಿಳಿಯಲು ಮೇ 19 ಬರಬೇಕಾಯಿತು. 2021ರ ಏಪ್ರಿಲ್ 27ರ ರಾತ್ರಿಯಿಂದ 14 ದಿನ ಅಂದರು. ಅದು ಜೂನ್ ಮಧ್ಯದವರೆಗೆ ಎಳೆಯಿತು. ಎರಡು ಸಲವೂ ಸ್ವಲ್ಪ ಸ್ವಲ್ಪವೇ ಮುಂದೂಡಿದರು. ಹಾಗಾಗಿ ಅವರು ಎರಡು ವಾರ ಅಂದರೆ ನೀವು ಎರಡು ತಿಂಗಳ ಲೆಕ್ಕ ಹಾಕಿ. ಇನ್ನೂ ಹದಿನೈದು ದಿನ ತಾನೇ ಅಂತ ಕಾಯುತ್ತಾ ಕೂತವರೇ ಜಾಸ್ತಿ ಸಾಲಕ್ಕೆ ಬಿದ್ದರು.

ಮೊದಲ ವಾರ: ಫೈನಾನ್ಸ್‌ನವರು

ಅವರು ಫೋನ್ ಮಾಡುವ ಮುಂಚೆ ನೀವೇ ಮಾಡಿ. ಕಂತು ತಪ್ಪುವ ಮೊದಲು ಮಾತಾಡುವವನಿಗೆ ಸಿಗುವ ಮರ್ಯಾದೆ ತಪ್ಪಿದ ಮೇಲೆ ಸಿಗುವುದಿಲ್ಲ.

2020ರ ಮಾರ್ಚ್ 27ಕ್ಕೆ ರಿಸರ್ವ್ ಬ್ಯಾಂಕ್ ಮೊರಟೋರಿಯಂ ತಂದಿತು. ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ 31ರವರೆಗೆ. ನಮ್ಮ ಸ್ಟ್ಯಾಂಡಿನಲ್ಲಿ ಎಷ್ಟೋ ಜನ ಅದನ್ನು ಸಾಲಮನ್ನಾ ಅಂದುಕೊಂಡು ಖುಷಿಪಟ್ಟರು. ಕಂತು ಮುಂದಕ್ಕೆ ಹೋಯಿತು ಅಷ್ಟೇ, ಬಡ್ಡಿ ಓಡುತ್ತಲೇ ಇತ್ತು. ಒಂದು ಲಕ್ಷ ಅಸಲು ಬಾಕಿ ಇದೆ, ವರ್ಷಕ್ಕೆ ಶೇ 18 ಬಡ್ಡಿ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 1,500 ರೂಪಾಯಿ ಬಡ್ಡಿ, ಆರು ತಿಂಗಳಿಗೆ 9,000. ಪೂರ್ತಿ ಕಂತು ಕಟ್ಟಲು ಆಗದಿದ್ದರೂ ಆ 1,500 ಆದರೂ ಕಟ್ಟಲು ನೋಡಿ. ಬಡ್ಡಿ ಮೇಲೆ ಬಡ್ಡಿ ಹಾಕಬಾರದು ಅಂತ 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ನಿಜ. ಆದರೆ ಮೂಲ ಬಡ್ಡಿಯನ್ನು ಬಿಡಿ ಅನ್ನಲಿಲ್ಲ.

ಎರಡನೇ ಅಲೆಯಲ್ಲಿ ಅದೂ ಇರಲಿಲ್ಲ. 2021ರ ಮೇ 5ಕ್ಕೆ ಸಾಲದ ಕಂತು, ಅವಧಿ ಬದಲಾಯಿಸಿಕೊಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತು. ಆದರೆ ನಾವು ಹೋಗಿ ಕೇಳಬೇಕಿತ್ತು. ನನಗೆ ಸಾಲ ಕೊಟ್ಟ ಕಂಪನಿಯ ಹುಡುಗ "ಅಂಥದ್ದೇನೂ ಬಂದಿಲ್ಲ ಅಣ್ಣ" ಅಂದ. ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಕಾಗದದಲ್ಲಿ ಕೇಳಬೇಕು. ದೊಡ್ಡ ಭಾಷೆ ಬೇಡ, ನಾಲ್ಕು ಸಾಲು ಸಾಕು: "ನನ್ನ ಲೋನ್ ನಂಬರ್ ಇಷ್ಟು. ಏಪ್ರಿಲ್ 27ರಿಂದ ಆಟೋ ನಿಂತಿದೆ, ಬೇರೆ ಆದಾಯ ಇಲ್ಲ. ಈಗ ತಿಂಗಳಿಗೆ ಇಷ್ಟು ಮಾತ್ರ ಕಟ್ಟಬಲ್ಲೆ. ಕಂತು ಕಡಿಮೆ ಮಾಡಿ, ಅವಧಿ ಹೆಚ್ಚಿಸಿಕೊಡಿ, ಉತ್ತರ ಬರೆದು ಕೊಡಿ." ಇಮೇಲ್ ಮಾಡಿ. ಅದು ಬರದಿದ್ದರೆ ಎರಡು ಪ್ರತಿ ಮಾಡಿ, ಒಂದು ಅವರಿಗೆ ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.

30 ದಿನದೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. ಫೀಸ್ ಇಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಫೋನ್ ಮಾಡಿದರೆ ಹೇಗೆ ಅಂತ ಹೇಳುತ್ತಾರೆ. ಆದರೆ ಆ ಸೀಲು ಬಿದ್ದ ಪ್ರತಿ ಇಲ್ಲದೆ ದೂರು ನಿಲ್ಲುವುದು ಕಷ್ಟ. ವಸೂಲಿಯವರ ವಿಷಯಕ್ಕೂ ನಿಯಮ ಇದೆ. 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಬರೆದೇ ಹೇಳಿದೆ: ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ. ಬೈದರೆ, ಹೆದರಿಸಿದರೆ ರೆಕಾರ್ಡ್ ಮಾಡಿಕೊಳ್ಳಿ, ನೀವು ವಾಪಸ್ ಬೈಯಬೇಡಿ. ಲೈಸೆನ್ಸ್ ಇಲ್ಲದೆ ಮೀಟರ್ ಬಡ್ಡಿಗೆ ಕೊಡುವವರ ಕಾಟಕ್ಕೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕೊರೊನಾ ಕಾಲದಲ್ಲಿ ಅದಿದ್ದಿದ್ದರೆ ನಮ್ಮ ಬೀದಿಯಲ್ಲಿ ಎರಡು ಮನೆ ರಾತ್ರೋರಾತ್ರಿ ಖಾಲಿಯಾಗುತ್ತಿರಲಿಲ್ಲವೇನೋ.

ಒಡವೆ ಇಡಲೇಬೇಕು ಅಂದಾಗ

ಇಡಬೇಡಿ ಅಂತ ಹೇಳಲ್ಲ. ಮೀಟರ್ ಬಡ್ಡಿಗಿಂತ ಅದೇ ವಾಸಿ. ಆದರೆ ಕೊಡುತ್ತಾರೆ ಅಂತ ಪೂರ್ತಿ ತೆಗೆದುಕೊಳ್ಳಬೇಡಿ. ನೂರು ರೂಪಾಯಿ ಚಿನ್ನಕ್ಕೆ 75 ರೂಪಾಯಿ ಸಾಲ ಇದ್ದದ್ದನ್ನು 2020ರ ಆಗಸ್ಟ್‌ನಲ್ಲಿ ಬ್ಯಾಂಕುಗಳಿಗೆ 90ರವರೆಗೆ ಏರಿಸಿದರು. ಆಗ ಚಿನ್ನದ ದರ ಆಕಾಶದಲ್ಲಿತ್ತು. ಮುಂದಿನ ಮಾರ್ಚ್ ಹೊತ್ತಿಗೆ ಚೆನ್ನಾಗಿಯೇ ಇಳಿಯಿತು. ದರ ಇಳಿದಾಗ ಅಂಚಿನವರೆಗೆ ಸಾಲ ಎತ್ತಿದವರಿಗೆ "ಇನ್ನಷ್ಟು ಕಟ್ಟಿ, ಇಲ್ಲದಿದ್ದರೆ ಹರಾಜು" ಅಂತ ನೋಟಿಸ್ ಬರುತ್ತದೆ. ಅರ್ಧದಷ್ಟು ಎತ್ತಿದರೆ ನಿದ್ದೆ ಬರುತ್ತದೆ. ಇನ್ನೊಂದು ಮಾತು, ಒಡವೆ ಹೆಂಡತಿಯದ್ದು. ರಸೀದಿ ಅವಳ ಕೈಲಿರಲಿ.

ಸರ್ಕಾರದ ದುಡ್ಡು ಎಲ್ಲಿ ಹೋಯಿತು?

2020ರಲ್ಲಿ ಆಟೋ, ಟ್ಯಾಕ್ಸಿ ಚಾಲಕರಿಗೆ 5,000 ರೂಪಾಯಿ ಅಂದರು. 2021ರ ಮೇನಲ್ಲಿ 3,000. ಅದೇ ಸಲ ಕಟ್ಟಡ ಕಾರ್ಮಿಕರಿಗೆ 3,000, ಟೈಲರ್, ಹಮಾಲಿ, ಮನೆಗೆಲಸದವರು, ಬೀದಿ ವ್ಯಾಪಾರಿಗಳಿಗೆ 2,000. ಮೂರು ಸಾವಿರಕ್ಕೆ ಏನು ಬರುತ್ತೆ ಅಂತ ನಾವೂ ಬೈದೆವು. ಬೈದುಕೊಂಡೇ ರಾಜ್ಯ ಸರ್ಕಾರದ ಸೇವಾ ಸಿಂಧು ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿದೆವು. ಎರಡನ್ನೂ ಮಾಡಬಹುದು.

ಅರ್ಜಿ ಮಂಜೂರಾದರೂ ದುಡ್ಡು ಬರಲಿಲ್ಲ ಅಂತ ಅತ್ತವರು ಬಹಳ. ಇಂಥ ದುಡ್ಡು ಆಧಾರ್ ಮೂಲಕ ಬರುತ್ತದೆ. ಆಧಾರ್‌ಗೆ ಕೊನೆಯದಾಗಿ ಯಾವ ಬ್ಯಾಂಕ್ ಖಾತೆ ಜೋಡಿಸಿದ್ದೀರೋ ಅಲ್ಲಿಗೇ ಹೋಗುತ್ತದೆ. ಯಾವತ್ತೋ ಗ್ಯಾಸ್ ಸಬ್ಸಿಡಿಗೆ ತೆರೆದು ಮರೆತ ಖಾತೆಯಲ್ಲಿ ಕೂತಿರುತ್ತದೆ. ಆಧಾರ್ ವೆಬ್‌ಸೈಟ್‌ನಲ್ಲಿ ಬ್ಯಾಂಕ್ ಸೀಡಿಂಗ್ ಅಂತ ಇದೆ, ಯಾವ ಬ್ಯಾಂಕು ಅಂತ ಅದು ತೋರಿಸುತ್ತದೆ. ಇವತ್ತೇ ನೋಡಿಕೊಳ್ಳಿ. ಹಾಗೇ ಹೆಸರು. ಡಿಎಲ್‌ನಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದ್ದರೆ ಕಂಪ್ಯೂಟರ್‌ಗೆ ನೀವು ಇಬ್ಬರು. ಎಲ್ಲ ತೆರೆದಿರುವಾಗ ಸರಿಮಾಡಿಸಿ. ಲಾಕ್‌ಡೌನ್‌ನಲ್ಲಿ ಸೈಬರ್ ಸೆಂಟರ್ ಅರ್ಧ ಶಟರ್ ಎತ್ತಿ ಬಾಯಿಗೆ ಬಂದ ರೇಟು ಕೇಳುತ್ತದೆ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡ್ ಮಾಡಿಸದಿದ್ದರೆ ಅದನ್ನೂ ಮಾಡಿಸಿ.

ರೇಷನ್ ಕಾರ್ಡ್ ಊರಲ್ಲಿದೆ, ನಾವು ಬೆಂಗಳೂರಲ್ಲಿದ್ದೇವೆ ಅಂತ ಸುಮ್ಮನಿರಬೇಡಿ. ಬೆರಳಚ್ಚು ಕೊಟ್ಟು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ತೆಗೆದುಕೊಳ್ಳಬಹುದು. ಕೊಡಲ್ಲ ಅಂದರೆ ಆಹಾರ ಇಲಾಖೆಗೆ ಬರೆದು ಕೊಡಿ.

ಗಾಡಿ ಕಾಗದ: ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಪರ್ಮಿಟ್, ಡಿಎಲ್ ಅವಧಿಯನ್ನು ಕೇಂದ್ರ ಸರ್ಕಾರ ಹಲವು ಸಲ ಮುಂದೂಡಿ 2021ರ ಅಕ್ಟೋಬರ್ 31ರವರೆಗೆ ತಂದಿತು. ಇನ್ಶೂರೆನ್ಸ್ ಆ ಪಟ್ಟಿಯಲ್ಲಿ ಇರಲಿಲ್ಲ. ದುಡ್ಡು ಕಡಿಮೆ ಇದ್ದರೆ ಥರ್ಡ್ ಪಾರ್ಟಿ ಆದರೂ ಕಟ್ಟಿ.

ಮನೆ ಬಾಡಿಗೆ, ಸ್ಕೂಲ್ ಫೀಸ್

ಬೆಂಗಳೂರಿನ ಅಡ್ವಾನ್ಸ್ ಪದ್ಧತಿಯನ್ನು ನಾವು ಎಷ್ಟು ಬೈದಿದ್ದೇವೋ, ಆಗ ಅಷ್ಟೇ ಕೈ ಹಿಡಿಯಿತು. ಓನರ್ ಹತ್ತಿರ ಹೋಗಿ "ಬಾಡಿಗೆ ಬಿಟ್ಟುಬಿಡಿ" ಅನ್ನಬೇಡಿ. ಅವರಲ್ಲೂ ಎಷ್ಟೋ ಜನಕ್ಕೆ ಅದೇ ಊಟ. "ಎರಡು ತಿಂಗಳದ್ದು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ, ಓಡಾಟ ಶುರುವಾದ ಮೇಲೆ ತುಂಬಿಕೊಡುತ್ತೇನೆ" ಅನ್ನಿ. ಒಪ್ಪಿದರೆ ಅವತ್ತೇ ವಾಟ್ಸ್ಆಪ್‌ನಲ್ಲಿ ಬರೆದು ಕಳಿಸಿ, "ಸರಿ" ಅಂತ ಉತ್ತರ ತರಿಸಿಕೊಳ್ಳಿ. ಮನೆ ಬಿಡುವ ದಿನ ನೆನಪಿನ ಶಕ್ತಿ ಎಲ್ಲರಿಗೂ ಕಡಿಮೆಯಾಗುತ್ತದೆ.

ಫೀಸ್ ವಿಷಯದಲ್ಲಿ ಒಬ್ಬರೇ ಹೋಗಬೇಡಿ. ಅಪ್ಪಅಮ್ಮಂದಿರು ಬೀದಿಗಿಳಿದ ಮೇಲೆ 2021ರ ಜನವರಿಯಲ್ಲಿ, ಖಾಸಗಿ ಶಾಲೆಗಳು ಆ ವರ್ಷ ಬೋಧನಾ ಶುಲ್ಕದ ಶೇ 70 ಮಾತ್ರ ತೆಗೆದುಕೊಳ್ಳಬೇಕು ಅಂತ ಸರ್ಕಾರ ಆದೇಶ ಮಾಡಿತು. ಶಾಲೆಗಳು ಹೈಕೋರ್ಟ್‌ಗೆ ಹೋದವು, ಕೊನೆಗೆ ಶೇ 15 ಕಡಿತಕ್ಕೆ ನಿಂತಿತು. ಅಷ್ಟಾದರೂ ಸಿಕ್ಕಿದ್ದು ಗುಂಪಾಗಿ ಕೇಳಿದ್ದಕ್ಕೆ.

ಕೋಪ ಬಂದಾಗ

ಬರುತ್ತದೆ. ಬರಬೇಕು ಕೂಡ. 2021ರ ಮೇ 10ರಿಂದ ಬೆಳಿಗ್ಗೆ 6ರಿಂದ 10ರೊಳಗೆ ದಿನಸಿ ತರಬೇಕು, ಅದೂ ನಡೆದುಕೊಂಡು ಅಂದರು. ಗಾಡಿ ತೆಗೆದವರಿಗೆ ಲಾಠಿ ಏಟು ಬಿತ್ತು. ಜನ ಕೂಗೆಬ್ಬಿಸಿದ ಮೇಲೆ ಹತ್ತಿರದ ಅಂಗಡಿಗೆ ಗಾಡಿ ಬಿಟ್ಟರು. ಅದಕ್ಕೂ ಮುಂಚೆ, 2020ರ ಅಕ್ಟೋಬರ್‌ನಲ್ಲಿ, ನಗರಗಳಲ್ಲಿ ಮಾಸ್ಕ್ ಇಲ್ಲದಿದ್ದರೆ 1,000 ರೂಪಾಯಿ ದಂಡ ಅಂದರು. ದಿನವೆಲ್ಲ ಓಡಿಸಿದರೂ ಅಷ್ಟು ಹುಟ್ಟದ ಕಾಲ ಅದು. ಊರೇ ಬೈದಿತು, ಕೆಲವೇ ದಿನದಲ್ಲಿ 250ಕ್ಕೆ ಇಳಿಯಿತು.

ದಂಡ ಇಳಿಸುವ ಅಧಿಕಾರ ರಸ್ತೆಯಲ್ಲಿ ನಿಂತ ಮಾರ್ಷಲ್‌ಗೆ ಇರಲಿಲ್ಲ, ಲಾಕ್‌ಡೌನ್ ತೆಗೆಯುವ ಅಧಿಕಾರ ಕಾನ್ಸ್‌ಟೇಬಲ್‌ಗೂ ಇರಲಿಲ್ಲ. ಅವರ ಜೊತೆ ಜಗಳಕ್ಕೆ ನಿಂತರೆ ಗಾಡಿ ಸೀಜ್ ಆಗುತ್ತದೆ, ಬಿಡಿಸಿಕೊಳ್ಳಲು ಮತ್ತೆ ಸಾಲ. ಹಾಗಾಗಿ ಯಾರು ಆದೇಶ ಮಾಡಿದರೋ ಅವರ ಬಾಗಿಲಿಗೆ ಹೋಗಿ. ಸ್ಟ್ಯಾಂಡಿನವರೆಲ್ಲ ಸಹಿ ಹಾಕಿ ಎಂಎಲ್ಎ ಕಚೇರಿಗೆ, ಸಾರಿಗೆ ಇಲಾಖೆಗೆ ಒಂದೊಂದು ಮನವಿ. ಬೇಡಿಕೆ ಒಂದೇ ಇರಲಿ, ಅದರಲ್ಲಿ ರೂಪಾಯಿ ಲೆಕ್ಕ ಇರಲಿ. ಹತ್ತು ಬೇಡಿಕೆ ಬರೆದ ಕಾಗದವನ್ನು ಯಾರೂ ಓದಲ್ಲ.

ಮನೆಯೊಳಗಿನ ಕೋಪ ಬೇರೆ. ನನ್ನ ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುವವಳು, ಅವಳ ಕೆಲಸವೂ ನಿಂತಿತ್ತು. ಒಂದೇ ರೂಮು, ಒಂದೇ ಮೊಬೈಲು, ಮಗನಿಗೆ ಆನ್‌ಲೈನ್ ಕ್ಲಾಸು. ನಾವು ಮಾಡಿಕೊಂಡ ನಿಯಮ ಒಂದೇ. ದುಡ್ಡಿನ ಮಾತು ರಾತ್ರಿ ಊಟದ ಮೇಲೆ ಬೇಡ, ಬೆಳಿಗ್ಗೆ ಕಾಫಿ ಹೊತ್ತಿಗೆ, ನೋಟ್‌ಬುಕ್ ಮುಂದಿಟ್ಟುಕೊಂಡು. ಅಂಕಿ ಎದುರಿಗಿದ್ದರೆ ಮಾತು ಬಾಕಿಯ ಮೇಲೇ ನಿಲ್ಲುತ್ತದೆ, ತವರುಮನೆವರೆಗೆ ಹೋಗಲ್ಲ.

ಸ್ಟ್ಯಾಂಡಿನಲ್ಲಿ ದಿನಾ ಹರಟುತ್ತಿದ್ದವನು ಫೋನ್ ಎತ್ತದೆ ಸುಮ್ಮನಾದರೆ ಅವನ ಮನೆಗೊಮ್ಮೆ ಹೋಗಿ ಬನ್ನಿ. ಸಾಲ ಎಷ್ಟು ಅಂತ ಮೊದಲೇ ಕೇಳಬೇಡಿ, ಊಟ ಆಯ್ತಾ ಅಂತ ಕೇಳಿ. ಬದುಕೇ ಬೇಡ ಅನ್ನುವ ಮಾತು ಬಂದರೆ ಅವನನ್ನು ಒಬ್ಬನೇ ಬಿಡಬೇಡಿ. ಅಲ್ಲೇ ಕೂತು 14416ಕ್ಕೆ ಫೋನ್ ಮಾಡಿ ಕೈಗೆ ಕೊಡಿ. ಅದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳಲ್ಲ.