ವಿಕಟಕವಿ ಪೈಥಾನ್‌ಗೆ ಯಾಕೆ ಸಿಗಲಿಲ್ಲ? ಕೋಡಿಂಗ್ ಅಭ್ಯಾಸ ಮಾಡುವ ಬಗೆ

ವಿಡಿಯೋ ನೋಡುವಾಗ ಎಲ್ಲ ಅರ್ಥವಾಗುತ್ತದೆ, ಖಾಲಿ ಫೈಲ್ ತೆರೆದು ಕೂತರೆ ಮೊದಲ ಸಾಲೇ ಹೊಳೆಯುವುದಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ಎಷ್ಟೋ ಜನರ ಪಾಡು ಇದು. ನಾನೂ ಮೊದಮೊದಲು ದಿನಕ್ಕೆ ಹತ್ತು ಪ್ರಾಬ್ಲಂ ಮುಗಿಸುತ್ತಿದ್ದೆ, ವಾರ ಕಳೆದರೆ ಒಂದೂ ನೆನಪಿರುತ್ತಿರಲಿಲ್ಲ. ಆಮೇಲೆ ಒಂದನ್ನೇ ಹಿಡಿದು ಕೂರುವುದನ್ನು ಕಲಿತೆ. ನೀವೂ ಹಾಗೇ ಮಾಡಿ.

ಪ್ಯಾಲಿಂಡ್ರೋಮ್ ತೆಗೆದುಕೊಳ್ಳಿ. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗುವ ಪದವನ್ನು ಗುರುತಿಸಬೇಕು. ಪದವನ್ನು ತಿರುಗಿಸಿ ಮೂಲದ ಜೊತೆ ಹೋಲಿಸಿದರೆ ಆಯಿತು, ಎರಡೇ ಸಾಲು. 'ಗದಗ' ಕೊಡಿ, ಟ್ರೂ ಬರುತ್ತದೆ. ಈಗ 'ವಿಕಟಕವಿ' ಕೊಡಿ. ಫಾಲ್ಸ್! ಚಿಕ್ಕಂದಿನಿಂದ ಹಿಂದೆಮುಂದೆ ಓದಿಕೊಂಡು ಬಂದ ಪದ, ಅಲ್ವಾ?

ತಕ್ಷಣ ಉತ್ತರ ಹುಡುಕಲು ಹೋಗಬೇಡಿ. ಅರ್ಧ ಗಂಟೆ ನೀವೇ ಒದ್ದಾಡಿ, ಕಲಿಕೆ ಆಗುವುದು ಅಲ್ಲೇ. ಉದ್ದ ಎಣಿಸುವ ಲೆನ್ (len) ಹಾಕಿ ನೋಡಿ: ನಮ್ಮ ಕಣ್ಣಿಗೆ 5 ಅಕ್ಷರ, ಪೈಥಾನ್ 7 ಅನ್ನುತ್ತದೆ. ಲೂಪ್ ಹಾಕಿ ಒಂದೊಂದನ್ನೇ ಪ್ರಿಂಟ್ ಮಾಡಿದರೆ ಗುಟ್ಟು ತಿಳಿಯುತ್ತದೆ. ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್ ಪ್ರತಿ ಲಿಪಿಚಿಹ್ನೆಗೂ ಒಂದು ಸಂಖ್ಯೆ ಕೊಡುವ ಪದ್ಧತಿಯಲ್ಲಿ, 'ವ' ಬೇರೆ, ಅದರ ಗುಡಿಸು ಬೇರೆ, ಎರಡಕ್ಕೂ ಬೇರೆ ಬೇರೆ ಸಂಖ್ಯೆ. ತಿರುಗಿಸಿದಾಗ ಕೊನೆಯ ಗುಡಿಸು ಎಲ್ಲಕ್ಕಿಂತ ಮುಂದೆ ಬಂದು ಒಂಟಿಯಾಗಿ ನಿಲ್ಲುತ್ತದೆ, ಇನ್ನೊಂದು ಹೋಗಿ 'ಕ'ಗೆ ಅಂಟಿಕೊಂಡು 'ಕಿ' ಆಗುತ್ತದೆ.

ಈಗ ನಿಜವಾದ ಅಭ್ಯಾಸ ಶುರು. ಪದವನ್ನು ಅಕ್ಷರಗಳ ಲಿಸ್ಟ್ ಆಗಿ ಒಡೆಯುವ ಫಂಕ್ಷನ್ ಬರೆಯಿರಿ. ಮೊದಲು ಪೇಪರ್ ಮೇಲೆ ನಿಯಮ ಬರೆದುಕೊಳ್ಳಿ: ಬಂದಿದ್ದು ಗುಣಿತದ ಚಿಹ್ನೆ, ಅನುಸ್ವಾರ, ವಿಸರ್ಗ ಅಥವಾ ಹಲಂತವಾಗಿದ್ದರೆ ಹಿಂದಿನದಕ್ಕೆ ಸೇರಿಸು, ಹಿಂದಿನದು ಹಲಂತದಿಂದ ಮುಗಿದಿದ್ದರೆ ಈಗ ಬಂದಿದ್ದನ್ನೂ ಅದಕ್ಕೇ ಸೇರಿಸು, ಯಾಕೆಂದರೆ ಅದು ಒತ್ತಕ್ಷರ, ಇಲ್ಲದಿದ್ದರೆ ಹೊಸ ಅಕ್ಷರ. ಕೋಡ್ ಬರೆಯುವ ಮುಂಚೆಯೇ ಅಸರ್ಟ್ (assert) ಸಾಲುಗಳನ್ನು, ಅಂದರೆ ಉತ್ತರ ಸರಿಯಿಲ್ಲದಿದ್ದರೆ ಎರರ್ ಕೊಡುವ ಪರೀಕ್ಷೆಯ ಸಾಲುಗಳನ್ನು, ಹಾಕಿಡಿ. 'ಕನ್ನಡ'ಕ್ಕೆ 3, 'ಮೈಸೂರು'ಗೆ 3, 'ರಾಷ್ಟ್ರ'ಕ್ಕೆ 2 ಬರಬೇಕು. ಎರರ್ ಬಂದರೆ ಗಾಬರಿಯಾಗಬೇಡಿ, ಅದರ ಕೊನೆಯ ಸಾಲನ್ನು ಮೊದಲು ಓದಿ, ಏನು ತಪ್ಪಾಯಿತು ಅಂತ ಅಲ್ಲೇ ಇರುತ್ತದೆ.

ಎಲ್ಲ ಪಾಸ್ ಆಯಿತಾ? ಫೈಲ್ ಅಳಿಸಿಬಿಡಿ. ಮೂರು ದಿನ ಬಿಟ್ಟು ಏನನ್ನೂ ನೋಡದೆ ಮತ್ತೆ ಬರೆಯಿರಿ. ಇದು ಬೇಜಾರಿನ ಕೆಲಸ ಅನ್ನಿಸಬಹುದು, ಆದರೆ ಕೈಗೆ ಭಾಷೆ ಹತ್ತುವುದು ಈ ಎರಡನೇ ಸಲದಲ್ಲಿ.

ಲೆಕ್ಕ ಇಷ್ಟ ಇರುವವರು ಕೋಡ್ ಬರೆದು ಬಿಡಿಸುವ ಗಣಿತದ ಪ್ರಶ್ನೆಗಳಿರುವ ವೆಬ್‌ಸೈಟ್ ಪ್ರಾಜೆಕ್ಟ್ ಆಯ್ಲರ್‌ನ ಮೊದಲ ಪ್ರಶ್ನೆ ಹಿಡಿಯಿರಿ: 1000ಕ್ಕಿಂತ ಕಡಿಮೆ ಇರುವ, 3 ಅಥವಾ 5ರಿಂದ ಭಾಗವಾಗುವ ಎಲ್ಲ ಸಂಖ್ಯೆಗಳ ಮೊತ್ತ. ಲೂಪ್ ಹಾಕಿದರೆ 233168 ಸಿಗುತ್ತದೆ. ಆಮೇಲೆ ಲೂಪ್ ಇಲ್ಲದೆ, ಸ್ಕೂಲಿನಲ್ಲಿ ಕಲಿತ ಸೂತ್ರದಿಂದ ಅದೇ ಉತ್ತರ ತನ್ನಿ. 15ರಿಂದ ಭಾಗವಾಗುವವು ಎರಡು ಸಲ ಸೇರುತ್ತವೆ, ಅದನ್ನು ಒಂದು ಸಲ ಕಳೆಯಲು ಮರೆಯಬೇಡಿ. ಬರೆದ ಕೋಡನ್ನು ಬೇರೆಯವರು ನೋಡಿ ತಿದ್ದಲಿ ಅನ್ನಿಸಿದರೆ ಎಕ್ಸರ್ಸಿಸಂ (Exercism) ಎಂಬ ವೆಬ್‌ಸೈಟ್ ಒಳ್ಳೆಯದು, ಉಚಿತ.

ಅಕ್ಷರದ ಫಂಕ್ಷನ್ ಚೆನ್ನಾಗಿ ಕೂತ ಮೇಲೆ ಅದಕ್ಕೆ 'ಬಸ್‌ನಲ್ಲಿ' ಕೊಟ್ಟು ನೋಡಿ. ಸಕಾರದ ಹಲಂತ ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಅಡಗಿ ಕೂತಿದೆ. 4 ಬಂತಾ?