ಹೆಂಚಿನ ಮೇಲಿನ 1865: ಕೆಜಿಎಫ್‌ನ ಬಂಗಲೆಯೊಂದನ್ನು ವಸತಿಗೃಹ ಮಾಡಿದ ನನ್ನ ಅನುಭವ

ಮಾಲೀಕರು ಏಣಿ ಹತ್ತಿ ಒಂದು ಹೆಂಚು ಇಳಿಸಿ ತಂದರು. ಅಂಗೈಯಿಂದ ಮಸಿ ಒರೆಸಿ ನನ್ನ ಮುಂದೆ ಹಿಡಿದರು. “ನೋಡಿ ಸಾರ್, 1865. ಇಡೀ ಕೆಜಿಎಫ್‌ಗೆ ನಮ್ಮ ಬಂಗಲೆಯೇ ಹಳೇದು.” ಹೆಂಚಿನ ಅಡಿಯಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಎಂಬ ಅಕ್ಷರಗಳ ಜೊತೆ ಆ ಇಸವಿಯೂ ಸ್ಪಷ್ಟವಾಗಿತ್ತು. ಗೇಟಿಗೆ ಹಾಕಬೇಕಾದ ಬೋರ್ಡಿನ ಮಾದರಿಯನ್ನೂ ಅವರು ಆಗಲೇ ಬರೆಸಿಟ್ಟಿದ್ದರು. ಅದರಲ್ಲೂ ದೊಡ್ಡದಾಗಿ 1865.

ನಾನು ಅವರ ಮನಸ್ಸು ನೋಯಿಸಬೇಕಾಯಿತು. 1865 ಮಂಗಳೂರಿನಲ್ಲಿ ಆ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಆಮೇಲೆ ಎಷ್ಟೋ ದಶಕ ಸುಟ್ಟ ಹೆಂಚುಗಳ ಮೇಲೂ ಅದೇ ಮುದ್ರೆ ಬಿದ್ದಿದೆ. ಈ ಊರಿನ ಕಥೆಯೂ ಆ ಇಸವಿಗೆ ಹೊಂದುವುದಿಲ್ಲ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿಯ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಬರೆದದ್ದು ನಿಜ. ಆದರೆ ಮೈಕೆಲ್ ಲವೆಲ್ ಗಣಿಗಾರಿಕೆಗೆ ಅನುಮತಿ ಪಡೆದದ್ದು 1870ರ ದಶಕದಲ್ಲಿ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದದ್ದು 1880ರಲ್ಲಿ, ಅವರಿಗೆ ಒಳ್ಳೆಯ ಚಿನ್ನದ ಪದರ ಸಿಕ್ಕಿದ್ದು ಅದಾಗಿ ನಾಲ್ಕೈದು ವರ್ಷಕ್ಕೆ. 1865ರಲ್ಲಿ ಇಲ್ಲಿ ಗಣಿ ಅಧಿಕಾರಿಯೂ ಇರಲಿಲ್ಲ, ಅವನಿಗೆ ಬಂಗಲೆಯೂ ಬೇಕಿರಲಿಲ್ಲ.

“ಹಾಗಾದರೆ ಯಾವ ವರ್ಷ ಹಾಕೋಣ?” ಎಂದರು. ಕಟ್ಟಡವನ್ನೇ ಕೇಳಿ ಹೇಳುತ್ತೇನೆ, ಎರಡು ತಿಂಗಳು ಕೊಡಿ ಎಂದೆ. ಹಳೆ ಕಟ್ಟಡಗಳ ದುರಸ್ತಿಯೇ ನನ್ನ ಕಸುಬು. ಕಾಗದಪತ್ರ ಸಿಗದ ಕಡೆ ಸುಣ್ಣ, ಮರ, ಮೊಳೆಗಳೇ ದಾಖಲೆ ಎಂಬುದನ್ನು ಈ ಕಸುಬಿನಲ್ಲೇ ಕಲಿತವನು ನಾನು.

ಮೊದಲ ಹತ್ತು ದಿನ ಯಾರಿಗೂ ಸುತ್ತಿಗೆ ಮುಟ್ಟಲು ಬಿಡಲಿಲ್ಲ. ಬರೀ ಅಳತೆ, ಫೋಟೋ, ನಕ್ಷೆ. ಮಧ್ಯದಲ್ಲಿ ದೊಡ್ಡ ಹಜಾರ, ಎರಡೂ ಪಕ್ಕಕ್ಕೆ ಎರಡೆರಡು ಕೋಣೆ, ಮೂರು ದಿಕ್ಕಿಗೆ ಹೆಂಚಿನ ವರಾಂಡ, ವರಾಂಡಕ್ಕೆ ಮರದ ಪಟ್ಟಿಗಳ ಜಾಲರಿ. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ಹದಿನಾರು ಅಡಿ ಎತ್ತರದಲ್ಲಿ ಬಿಸಿಗಾಳಿ ಹೊರಹೋಗಲು ಸಣ್ಣ ಕಿಟಕಿಗಳು. ಹಜಾರದಲ್ಲಿ ಚಳಿ ಕಾಯಿಸುವ ಒಲೆ, ಅದರ ಮೇಲೆ ಇಟ್ಟಿಗೆಯ ಚಿಮಣಿ. ಅಡುಗೆಮನೆ ಹಿತ್ತಿಲಲ್ಲಿ ಬೇರೆಯೇ ಕಟ್ಟಡ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಡಿಸೆಂಬರಿನಲ್ಲಿ ಆ ಒಲೆ ಬರೀ ಶೋಕಿಯದ್ದಾಗಿರಲಿಲ್ಲ.

ಕಿಟಕಿಯ ಸರಳುಗಳನ್ನು ಕೈಯಲ್ಲಿ ಹಿಡಿದಾಗ ಗುಂಡಗಿರಲಿಲ್ಲ, ಆರು ಮುಖದವು. ಬಂಡೆ ಕೊರೆಯುವ ಡ್ರಿಲ್ ಕಂಬಿಗಳು ಸವೆದ ಮೇಲೆ ಕಿಟಕಿಗೆ ಬಂದಿವೆ. ಅಡುಗೆಮನೆಯ ಬಾಗಿಲ ಮೇಲಿನ ತೊಲೆ ಟ್ರಾಲಿ ಓಡಾಡಿದ ಹಳಿಯ ತುಂಡು. ಹಿತ್ತಿಲ ಬೇಲಿಗೆ ಎಳೆದಿದ್ದದ್ದು ಶಾಫ್ಟಿನಲ್ಲಿ, ಅಂದರೆ ಗಣಿಯ ನೇರ ಬಾವಿಯಲ್ಲಿ, ಜನರನ್ನು ಒಯ್ಯುವ ಕೇಜ್ ಇಳಿಸುತ್ತಿದ್ದ ಉಕ್ಕಿನ ಹಗ್ಗದ ಬಿಡಿ ಎಳೆಗಳು. ಇವನ್ನೆಲ್ಲ ತೆಗೆದು ಹೊಸ ಗ್ರಿಲ್ ಹಾಕಿಸೋಣ ಎಂಬ ಮಾತು ಬಂತು. ನಾನು ಒಪ್ಪಲಿಲ್ಲ. ಗಣಿ ಊರಿನ ಬಂಗಲೆ ಬೆಂಗಳೂರಿನ ಬಂಗಲೆಗಿಂತ ಬೇರೆ ಎಂದು ಹೇಳುವುದೇ ಈ ಸರಳುಗಳು.

ಕಾಲದ ಸುಳಿವು ಸಿಕ್ಕಿದ್ದು ಹಜಾರದ ಚಾವಣಿಯ ಹಲಗೆಯಲ್ಲಿ. ಮಧ್ಯದಲ್ಲಿ ಒಂದು ಕಬ್ಬಿಣದ ಕೊಕ್ಕೆ, ಅದರ ಸುತ್ತ ಬಣ್ಣ ಸ್ವಲ್ಪ ಉಬ್ಬಿತ್ತು. ಬ್ಲೇಡಿನಿಂದ ಒಂದೊಂದೇ ಪದರ ಕೆರೆದು ಇಳಿಯುತ್ತ ಹೋದೆ. ಒಟ್ಟು ಹದಿಮೂರು ಪದರ. ಮೇಲಿನವು ಅಂಗಡಿ ಡಿಸ್ಟೆಂಪರ್, ಆಮೇಲೆ ಹಳದಿ, ಆಮೇಲೆ ಬರೀ ಸುಣ್ಣ. ಹತ್ತನೆಯ ಪದರದಿಂದ ಕೆಳಗೆ, ಪ್ರತಿ ಎರಡು ಸುಣ್ಣದ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ: ಸೀಮೆಎಣ್ಣೆ ದೀಪದ ಹೊಗೆ. ಹತ್ತರಿಂದ ಮೇಲೆ ಒಂದೇ ಒಂದು ಗೆರೆ ಇಲ್ಲ. ಆ ಹೊತ್ತಿಗೆ ಮನೆಗೆ ಕರೆಂಟ್ ಬಂದಿದೆ. ಗೋಡೆಯ ವೈರಿಂಗ್ ಕೂಡ ಅದನ್ನೇ ಹೇಳುತ್ತಿತ್ತು. ತಂತಿಯ ಮರದ ಪಟ್ಟಿಗಳನ್ನು ಗಾರೆಯ ಮೇಲೆ, ಅದೂ ಸುಣ್ಣ ಬಳಿದು ಹಳೆಯದಾದ ಗಾರೆಯ ಮೇಲೆ ಜಡಿದಿದ್ದರು.

ಶಿವನಸಮುದ್ರದಿಂದ ಇಲ್ಲಿಯ ಗಣಿಗಳಿಗೆ ವಿದ್ಯುತ್ ಹರಿದದ್ದು 1902ರಲ್ಲಿ. 147 ಕಿಲೋಮೀಟರ್ ತಂತಿ, ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಕರೆಂಟ್ ಮೊದಲು ಹೋದದ್ದು ಗಣಿಯ ಯಂತ್ರಗಳಿಗೆ, ಮನೆಗಳಿಗೆ ಆಮೇಲೆ. ಅದಕ್ಕೆ ಮುಂಚೆ ಈ ಹಜಾರಕ್ಕೆ ಮೂರು ನಾಲ್ಕು ಸಲ ಸುಣ್ಣ ಬಳಿದಾಗಿತ್ತು.

ಇನ್ನು ಹೆಂಚು. ಮೊದಲ ಮಹಾಯುದ್ಧದ ನಂತರ ಬಾಸೆಲ್ ಮಿಷನ್ನಿನವರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹಾಗಾಗಿ ಹಳೆ ಮುದ್ರೆಯ ಹೆಂಚು ಅದಕ್ಕಿಂತ ಹಿಂದಿನದು. ಆದರೆ ಹೆಂಚನ್ನು ಬೇರೆ ಕಡೆಯಿಂದ ತಂದು ಹೊದಿಸಿರಲೂಬಹುದಲ್ಲ? ಅದಕ್ಕೇ ರೀಪುಗಳನ್ನು, ಅಂದರೆ ಹೆಂಚು ಕೂರುವ ಅಡ್ಡಪಟ್ಟಿಗಳನ್ನು, ನೋಡಿದೆ. ರೀಪಿನಿಂದ ರೀಪಿಗೆ ಇದ್ದ ಅಂತರ ಈ ಹೆಂಚಿಗೇ ಸರಿಯಾಗಿತ್ತು. ರೀಪುಗಳನ್ನು ಹೊತ್ತ ಇಳಿಜಾರು ಮರಗಳು ಪಕಾಸಿಗಳು. ಪ್ರತಿ ಪಕಾಸಿಯ ಮೇಲೂ ಒಂದೇ ಸಾಲು ಮೊಳೆ ತೂತು. ಎಂದರೆ ಈ ಮಾಡು ಕಂಡ ಮೊದಲ ಹೊದಿಕೆಯೇ ಇದು. ಇಷ್ಟು ಸಾವಿರ ಹೆಂಚು, ಇಷ್ಟು ತೇಗ ಇಲ್ಲಿಗೆ ಬರಬೇಕಾದರೆ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಇಲ್ಲಿಯ ಮಾರಿಕುಪ್ಪಂಗೆ 1894ರಲ್ಲಿ ಬಂದ ರೈಲು ದೊಡ್ಡ ಅನುಕೂಲ. ಎತ್ತಿನ ಗಾಡಿಯಲ್ಲೂ ತರಬಹುದಿತ್ತು, ಹಾಗಾಗಿ ಇದು ನನ್ನ ಊಹೆ ಎಂದೇ ಮಾಲೀಕರಿಗೆ ಹೇಳಿದೆ. ಕೊನೆಗೆ ಬೋರ್ಡಿಗೆ ನಾನು ಒಪ್ಪಿದ ಮಾತು: “1890ರ ದಶಕ.” ಅವರಿಗೆ ಮೂವತ್ತು ವರ್ಷ ಕಳೆದುಕೊಂಡ ಬೇಸರ ಒಂದು ವಾರ ಇತ್ತು. ಆಮೇಲೆ ಆ ಕಪ್ಪು ಗೆರೆಗಳನ್ನು ಬಂದವರಿಗೆಲ್ಲ ಅವರೇ ತೋರಿಸತೊಡಗಿದರು. ಚಾವಣಿಯ ಆ ಅಂಗೈಯಗಲದ ಜಾಗಕ್ಕೆ ಬಣ್ಣ ಬಳಿಯದೆ ಹಾಗೇ ಬಿಟ್ಟಿದ್ದೇವೆ.

ದುರಸ್ತಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸಿಮೆಂಟು. ಹಿಂದೆ ಯಾರೋ ಹೊರಗೋಡೆಗೆ ಮೂರು ಅಡಿ ಎತ್ತರದವರೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರು, ತೇವ ನಿಲ್ಲಲಿ ಎಂದು. ಒಳಗಿರುವುದು ಮಣ್ಣು, ಸುಣ್ಣ ಸೇರಿಸಿ ಕಟ್ಟಿದ ಕಲ್ಲಿನ ಗೋಡೆ. ನೆಲದಿಂದ ಏರಿದ ತೇವ ಮೊದಲು ಗಾರೆಯ ಮೂಲಕ ಹೊರಗೆ ಆರಿಹೋಗುತ್ತಿತ್ತು. ಸಿಮೆಂಟು ಆ ದಾರಿ ಮುಚ್ಚಿತು, ತೇವ ಒಳಗೋಡೆಯಲ್ಲಿ ನಾಲ್ಕೈದು ಅಡಿಗೆ ಹತ್ತಿತು, ಬಾಗಿಲ ಚೌಕಟ್ಟಿನ ಬುಡಕ್ಕೆ ಗೆದ್ದಲು ಬಂತು. ಇಡೀ ಸಿಮೆಂಟನ್ನು ಉಳಿಯಿಂದ ಬಿಡಿಸಿದೆವು.

ಇಲ್ಲಿ ನನ್ನಿಂದಲೇ ಒಂದು ತಪ್ಪಾಯಿತು. ಆಗಸ್ಟಿನ ಕೊನೆಯಲ್ಲಿ ಈ ಕೆಲಸಕ್ಕೆ ಕೈಹಾಕಬಾರದಿತ್ತು. ಪಶ್ಚಿಮದ ಗೋಡೆಯ ಸಿಮೆಂಟ್ ತೆಗೆದ ಮೂರನೇ ರಾತ್ರಿ ಜೋರು ಮಳೆ. ತಾಡಪಾಲು ಹಾರಿಹೋಗಿ, ಬರಿಮೈಯಲ್ಲಿದ್ದ ಗೋಡೆಯ ಮಣ್ಣು ಕರಗಿ, ಕಿಟಕಿಯ ಕೆಳಗಿನ ಏಳೆಂಟು ಕಲ್ಲು ಜಾರಿ ಬಿದ್ದವು. ಯಾರಿಗೂ ಏಟಾಗಲಿಲ್ಲ. ಅಂದಿನಿಂದ ಒಂದು ಸಲಕ್ಕೆ ಆರು ಅಡಿಗಿಂತ ಹೆಚ್ಚು ಗೋಡೆ ಬಿಚ್ಚಿಸಿಲ್ಲ. ಅಷ್ಟಕ್ಕೆ ಗಾರೆ ಮೆತ್ತಿ, ಆರಿದ ಮೇಲೆಯೇ ಮುಂದಕ್ಕೆ.

ಗಾರೆಗೆ ಮರಳು ಹುಡುಕುವಾಗ ಒಬ್ಬರು ಸೈನೈಡ್ ದಿಬ್ಬದಿಂದ ತರೋಣ, ಪುಕ್ಕಟೆ ಎಂದರು. ಊರಿನ ಯಾವ ಮೂಲೆಯಲ್ಲಿ ನಿಂತರೂ ಕಾಣುವ ಆ ಬೂದುಬಣ್ಣದ ಗುಡ್ಡಗಳು ಅದಿರನ್ನು ಅರೆದು, ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ. ಬೆರಳಲ್ಲಿ ಉಜ್ಜಿದರೆ ಹಿಟ್ಟಿನಂತೆ ನುಣುಪು, ಗಾರೆಗೆ ಬೇಕಾದ ತರಿ ಅದರಲ್ಲಿಲ್ಲ. ಜೊತೆಗೆ ಅದರ ಉಪ್ಪು ಗೋಡೆಯಲ್ಲಿ ಹೂವಾಗಿ ಅರಳಿ ಗಾರೆಯನ್ನು ತಿನ್ನುತ್ತದೆ. ಜನ ಮಲಗುವ ಕೋಣೆಗೆ ಅಂಥದ್ದನ್ನು ತರುವ ಮಾತೇ ಇಲ್ಲ. ತೊಳೆದ ಒಳ್ಳೆಯ ಮರಳು ಎರಡು ಪಾಲು, ಮೂರು ವಾರ ನೀರಲ್ಲಿ ಅರಳಿಸಿಟ್ಟ ಸುಣ್ಣ ಒಂದು ಪಾಲು, ಇಟ್ಟಿಗೆ ಪುಡಿ ಒಂದು ಪಾಲು. ಅಳಲೆಕಾಯಿ ಜಜ್ಜಿ ಬೆಲ್ಲದ ಜೊತೆ ನೆನೆಹಾಕಿದ ನೀರು ಬೆರೆಸಿ ಅರೆದೆವು. ಆ ನೀರು ಹುಳಿಯಾದಾಗ ಬರುವ ವಾಸನೆಯಿಂದಲೇ ಮೇಸ್ತ್ರಿ ಅದು ಹದಕ್ಕೆ ಬಂದಿದೆಯೇ ಎಂದು ಹೇಳುತ್ತಿದ್ದರು. “ಕಡುಕ್ಕಾಯ್ ಇನ್ನೂ ಎರಡು ದಿನ ಇರ್ಲಿ ಸಾರ್” ಎಂದರೆ ಎರಡು ದಿನ ಕೆಲಸ ನಿಲ್ಲುತ್ತಿತ್ತು. ಕಡುಕ್ಕಾಯ್ ಅಂದರೆ ತಮಿಳಿನಲ್ಲಿ ಅಳಲೆಕಾಯಿ. ಇಲ್ಲಿ ತಮಿಳು ಕನ್ನಡ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ.

ಮಾಡಿನ ಕೆಲಸ ಅಷ್ಟು ಕಷ್ಟವಾಗಲಿಲ್ಲ. ತೇಗ ಗಟ್ಟಿಯಾಗಿತ್ತು. ಗೋಡೆಯ ಮೇಲೆ ಕೂರುವ ತುದಿಗಳು ಮಾತ್ರ ಕೊಳೆತಿದ್ದವು. ಅಷ್ಟನ್ನು ಕತ್ತರಿಸಿ, ಹಳೆ ತೇಗದ ತುಂಡುಗಳನ್ನು ಓರೆಯಾಗಿ ಕೂಡಿಸಿ ಗೂಟ ಜಡಿದೆವು. ಹತ್ತಕ್ಕೆ ಎಂಟು ಹೆಂಚು ಮರಳಿ ಮಾಡು ಹತ್ತಿದವು.

ಬಚ್ಚಲುಗಳ ಬಗ್ಗೆ ಮಾಲೀಕರಿಗೂ ನನಗೂ ಒಂದು ತಿಂಗಳು ವಾದ ನಡೆಯಿತು. ವಸತಿಗೃಹ ಅಂದ ಮೇಲೆ ಪ್ರತಿ ಕೋಣೆಗೂ ಬಚ್ಚಲು ಬೇಕು, ಸರಿ. ಅದಕ್ಕಾಗಿ ಆ ಎತ್ತರದ ಕೋಣೆಗಳ ಮೂಲೆಯಲ್ಲಿ ಡಬ್ಬಿ ಕಟ್ಟಿದರೆ ಗಾಳಿ ಓಡುವ ದಾರಿಯೇ ಕೆಟ್ಟಂತೆ. ಹಿಂಬದಿಯ ವರಾಂಡದ ಆಚೆ ಹೊಸ ಸಾಲು ಕಟ್ಟಿ, ಹಳೆ ಕಿಟಕಿಗಳಲ್ಲೊಂದನ್ನು ಬಾಗಿಲು ಮಾಡಿದೆವು. ಕೊಳಾಯಿ ಪೈಪು ಒಂದೂ ಹಳೆ ಗೋಡೆಯೊಳಗೆ ಹೋಗಿಲ್ಲ. ನೀರಿಗೆ ಹೊಸ ಕೊಳವೆಬಾವಿ ತೋಡದೆ ಮಾಡನ್ನೇ ನಂಬಿದೆವು. ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಬೀಳುವ ಸೀಮೆಯಲ್ಲಿ 280 ಚದರ ಮೀಟರ್ ಹೆಂಚಿನಿಂದ ಒಂದೂವರೆ ಲಕ್ಷ ಲೀಟರ್ ಹಿಡಿಯಬಹುದು. ಹಿತ್ತಿಲ ಹಳೆ ತೊಟ್ಟಿಯನ್ನೇ ತೊಳೆಸಿ, ಸುಣ್ಣದ ಗಾರೆ ಮೆತ್ತಿ ಬಳಸುತ್ತಿದ್ದೇವೆ.

ಪೂರ್ವದ ಕೋಣೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹತ್ತಿದ ಒಂದು ಬಿರುಕು ಇತ್ತು. ಅಡಿಪಾಯ ಕುಸಿದಿದೆಯೇನೋ ಎಂದು ಅಗೆಸಿ ನೋಡಿದೆ, ಬಂಡೆಯ ಮೇಲೆ ಗಟ್ಟಿಯಾಗಿ ಕೂತಿತ್ತು. ನಮ್ಮ ಕಲ್ಲುಕೆಲಸದ ಹಿರಿಯರು ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ, ಅದಿರು ತೆಗೆದ ಖಾಲಿ ಜಾಗಕ್ಕೆ ಕಗ್ಗಲ್ಲಿನ ಆಸರೆ ಗೋಡೆ ಕಟ್ಟುತ್ತಿದ್ದವರು. ಬಿರುಕಿನ ಮೇಲೆ ಬೆರಳಾಡಿಸಿ, “ಇದು ಕೂತಿದ್ದಲ್ಲ ಸಾರ್, ಕೆಳಗಿನ ಏಟು. ಏರ್ ಬ್ಲಾಸ್ಟ್” ಎಂದರು. ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಗಣಿಯಲ್ಲಿ ಒತ್ತಡ ತಾಳದೆ ಬಂಡೆ ಸಿಡಿಯುವುದಕ್ಕೆ ಇಲ್ಲಿಯವರ ಹಳೆ ಮಾತು ಅದು. ಕೆಳಗೆ ಸಿಡಿದರೆ ಮೇಲೆ ಪಾತ್ರೆ ಅಲುಗುತ್ತಿತ್ತು, ಗಂಡಸರು ಪಾಳಿ ಮುಗಿಸಿ ಬರುವವರೆಗೂ ಲೈನಿನ, ಅಂದರೆ ಕಾರ್ಮಿಕರ ಸಾಲುಮನೆಗಳ, ಹೆಂಗಸರು ಬಾಗಿಲಲ್ಲೇ ನಿಂತಿರುತ್ತಿದ್ದರು ಎಂದು ಅವರು ಹೇಳಿದ್ದನ್ನು ನಾನು ಮರೆಯಲಾರೆ.

ಅದಾದ ಮೇಲೆ ವರಾಂಡದ ಮಾಹಿತಿ ಫಲಕವನ್ನು ಮತ್ತೆ ಬರೆದೆ. ಮೊದಲು ಬರೆದದ್ದರಲ್ಲಿ ಮ್ಯಾನೇಜರರು, 1885ರ ಕ್ಲಬ್ಬು, ಗಾಲ್ಫು, ‘ಪುಟ್ಟ ಇಂಗ್ಲೆಂಡ್’ ಎಂಬ ಹೊಗಳಿಕೆ, ಇಷ್ಟೇ ಇತ್ತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಈ ಗಣಿಗಳಲ್ಲಿ 30 ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಅವರಲ್ಲಿ ಹೆಚ್ಚಿನವರ ವಾಸ ಬಿದಿರು ತಟ್ಟಿಯ ಒಂದೇ ಕೋಣೆಯ ಮನೆಗಳಲ್ಲಿ. ಹದಿನಾರು ಅಡಿ ಎತ್ತರದ ಈ ಹಜಾರದ ಅಳತೆಯ ಪಕ್ಕದಲ್ಲೇ ಆ ತಟ್ಟಿಮನೆಯ ಮಾತನ್ನೂ ಬರೆದಿದ್ದೇನೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ್ದೂ ಅದರಲ್ಲಿದೆ. ಉಳಿಯಲು ಬಂದವರ ಮನಸ್ಸಿಗೆ ಭಾರವಾಗುವುದಿಲ್ಲವೇ ಎಂದು ಮಾಲೀಕರು ಕೇಳಿದರು. ಆದರೂ ಒಂದು ಅಕ್ಷರ ತೆಗೆಸಲಿಲ್ಲ.

ಆ ಬಿರುಕನ್ನು ಸುಣ್ಣದ ತಿಳಿಗಾರೆಯಿಂದ ತುಂಬಿದ್ದೇವೆ. ಅದರ ಅಡ್ಡಕ್ಕೆ ಒಂದು ತೆಳು ಗಾಜಿನ ಪಟ್ಟಿ ಕೂರಿಸಿ, ತಾರೀಖು ಕೊರೆದಿದ್ದೇನೆ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಸೀಳುತ್ತದೆ. ಆ ಕೋಣೆಯಲ್ಲಿ ಉಳಿದವರು ಅದೇನೆಂದು ಕೇಳುತ್ತಾರಂತೆ. ಹೋದ ತಿಂಗಳು ಹೋಗಿ ಟಾರ್ಚ್ ಹಾಕಿ ನೋಡಿ ಬಂದೆ. ಎರಡು ಮಳೆಗಾಲ ಕಳೆದಿದೆ, ಗಾಜು ಹಾಗೇ ಇದೆ.