ಡಿಜಿಟಲ್ ಫೋಟೊ ನಿಜಕ್ಕೂ ಪುಕ್ಕಟೆಯಾ?

ಫಿಲ್ಮ್‌ನಲ್ಲಿ ಖರ್ಚು ಕಣ್ಣಿಗೆ ಕಾಣುತ್ತದೆ. 36 ಫ್ರೇಮಿನ ರೋಲ್, ಡೆವಲಪಿಂಗ್, ಸ್ಕ್ಯಾನಿಂಗ್ ಮೂರನ್ನೂ ಕೂಡಿಸಿ 36ರಿಂದ ಭಾಗಿಸಿದರೆ ಒಂದು ಕ್ಲಿಕ್‌ನ ಬೆಲೆ ಸಿಗುತ್ತದೆ. ಡಿಜಿಟಲ್‌ನಲ್ಲಿ ಕ್ಲಿಕ್ ಪುಕ್ಕಟೆ ಅನಿಸುತ್ತದೆ, ಅಲ್ವಾ? ಆದರೆ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ (ಸಂಸ್ಕರಿಸದ ಮೂಲ ಫೋಟೊ) ಫೈಲ್‌ಗೆ ಸುಮಾರು 25ರಿಂದ 50 ಎಂಬಿ ಜಾಗ ಬೇಕು. ಸಾವಿರ ಫೋಟೊ ಅಂದರೆ 25ರಿಂದ 50 ಜಿಬಿ. ಬ್ಯಾಕಪ್‌ಗೆ ಇನ್ನೊಂದು ಹಾರ್ಡ್ ಡಿಸ್ಕ್ ಬೇಕೇ ಬೇಕು, ಒಂದನ್ನೇ ನಂಬಬೇಡಿ. ಕಾರ್ಡ್, ಬ್ಯಾಟರಿ, ಎಡಿಟಿಂಗ್ ಸಾಫ್ಟ್‌ವೇರಿನ ಚಂದಾ ಬೇರೆ. ಹಾಗಾಗಿ ಕ್ಯಾಮೆರಾ ಕೊಳ್ಳುವಾಗಲೇ ಡಿಸ್ಕ್‌ಗೂ ದುಡ್ಡು ಎತ್ತಿಡಿ.

ವರ್ಷಕ್ಕೆ ನಾಲ್ಕೈದು ರೋಲ್ ಮಾತ್ರ ತೆಗೆಯುವವರು, ಕೈಯಲ್ಲಿ ಒಳ್ಳೆಯ ಫಿಲ್ಮ್ ಕ್ಯಾಮೆರಾ ಇದ್ದರೆ, ಸುಮ್ನೆ ಹೊಸದಕ್ಕೆ ಓಡಬೇಡಿ. ಜಾಸ್ತಿ ತೆಗೆಯುವವರಿಗೆ ಡಿಜಿಟಲ್ಲೇ ಅಗ್ಗ, ಆದರೆ ಕ್ಯಾಮೆರಾ ಬಾಡಿಯನ್ನು ಪದೇಪದೇ ಬದಲಿಸಬಾರದು. ಕೆಟ್ಟ ಫೋಟೊಗಳನ್ನು ಅದೇ ದಿನ ಅಳಿಸಿ.